ಮದುಮಗಳ ಅಂಗಿ: ಈಗಿನ ಅಳತೆಗೇ ಹೊಲಿಸಿ

ಪೆರ್ನಾಲ್ ಕಳೆಯಿತೆಂದರೆ ನಮ್ಮಲ್ಲಿ ಮದುವೆಗಳ ಸಾಲು ಶುರು. ಗಲ್ಫಿನಿಂದ ರಜೆಯಲ್ಲಿ ಬರುವ ಹುಡುಗನಿಗೆ ಊರಲ್ಲಿ ಸಿಗುವುದು ಒಂದು ತಿಂಗಳು, ಹೆಚ್ಚೆಂದರೆ ಒಂದೂವರೆ ತಿಂಗಳು. ಅಷ್ಟರೊಳಗೆ ಹಾಲ್ ಬುಕ್ ಆಗಬೇಕು, ಕಾಗದ ಹಂಚಬೇಕು, ಚಿನ್ನ ಆಗಬೇಕು, ಬಟ್ಟೆ ಆಗಬೇಕು. ಬಟ್ಟೆ ಅಂಗಡಿಗೆ ಹೋಗುವ ದಿನ ಮನೆಯ ಹೆಂಗಸರಿಗೆಲ್ಲ ಸಂಭ್ರಮ. ಆದರೆ ಮದುಮಗಳು ಸ್ವಲ್ಪ ತೋರ ಇದ್ದರೆ ಆ ದಿನ ಅವಳಿಗೆ ಪರೀಕ್ಷೆ.

ನಮ್ಮ ಸಂಬಂಧದಲ್ಲೇ ಆದ ಸಂಗತಿ ಇದು. ಮದುವೆಗೆ ಎರಡು ತಿಂಗಳು ಇರುವಾಗ ಹುಡುಗಿಯನ್ನು ಕರೆದುಕೊಂಡು ಐದಾರು ಮಂದಿ ಅಂಗಡಿಗೆ ಹೋಗಿದ್ದೆವು. ಅವಳಿಗೆ ಮೆಚ್ಚುಗೆಯಾದ ಲೆಹೆಂಗಾ ಅವಳ ಸೈಜಿನಲ್ಲಿ ಇರಲಿಲ್ಲ. ಅವಳ ಮಾಮಿ, "ಅಡ್ಡಿಲ್ಲ, ಮದುವೆ ಹೊತ್ತಿಗೆ ಸಪೂರ ಆಗ್ತಾಳೆ, ಒಂದು ಸೈಜ್ ಕಮ್ಮಿದೇ ಕೊಡಿ" ಎಂದರು. ಹುಡುಗಿ ಅವತ್ತಿಂದ ಅನ್ನ ಬಿಟ್ಟಳು, ರಾತ್ರಿಯ ಊಟ ಬಿಟ್ಟಳು. ಮುಖ ಬಾಡಿತು, ಸೊಂಟ ಇಳಿಯಲಿಲ್ಲ. ಮದುವೆಯ ಬೆಳಿಗ್ಗೆ ಜಿಪ್ ಮೇಲೆ ಬರಲಿಲ್ಲ. ಬಿಚ್ಚಿ ಅಗಲ ಮಾಡೋಣವೆಂದರೆ ಹೊಲಿಗೆಯ ಒಳಗೆ ಬಟ್ಟೆಯೇ ಇಲ್ಲ. ಕೊನೆಗೆ ಬದಿ ಬಿಚ್ಚಿ, ಪಿನ್ನು ಹಾಕಿ, ಮೇಲೆ ದುಪಟ್ಟಾ ಮುಚ್ಚಿ ಸ್ಟೇಜಿಗೆ ಕೂರಿಸಿದರು. ಇಡೀ ದಿನ ಅವಳು ಕೈ ಎತ್ತಲಿಲ್ಲ, ಬಿರಿಯಾನಿ ಎರಡು ತುತ್ತು ತಿನ್ನಲಿಲ್ಲ. ಆಲ್ಬಮ್ ತೆರೆದರೆ ಇವತ್ತಿಗೂ ಆ ಮುಖದ ಗಾಬರಿ ಕಾಣುತ್ತದೆ.

ಅಂಗಡಿಯಲ್ಲಿ "ಹೌದು ಹೌದು, ಆಗ್ತಾಳೆ" ಎಂದು ತಲೆ ಅಲ್ಲಾಡಿಸಿದವರಲ್ಲಿ ನಾವೂ ಇದ್ದೆವು. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ನಮ್ಮ ಅಜ್ಜಿಯಂದಿರ ಕಾಲದಲ್ಲಿ ಈ ಸೈಜಿನ ತಲೆಬಿಸಿ ಇರಲಿಲ್ಲ. ತುಣಿ ಉಡುವುದು, ಮೇಲೆ ಸಡಿಲ ಕುಪ್ಪಾಯ, ತಲೆಗೆ ಬಟ್ಟೆ. ಸಪೂರದವಳಿಗೂ ತೋರದವಳಿಗೂ ಅದೇ ಉಡುಪು ಒಪ್ಪುತ್ತಿತ್ತು. ಈಗ ರೆಡಿಮೇಡ್ ಗೌನು, ಲೆಹೆಂಗಾ ಬಂದ ಮೇಲೆ ಗೊಂಬೆಗೆ ತೊಡಿಸಿದ್ದು ನಮ್ಮ ಹುಡುಗಿಗೂ ಹಾಗೆಯೇ ಕೂರಬೇಕು ಎಂದು ಬಯಸುತ್ತೇವೆ. ಕೂರದಿದ್ದರೆ ತಪ್ಪು ಹುಡುಗಿಯದ್ದು ಎನ್ನುತ್ತೇವೆ. ಥೈರಾಯ್ಡ್, ಪಿಸಿಒಡಿ ಇರುವ ಹುಡುಗಿಯರಿಗೆ ತೂಕ ಇಳಿಸುವುದು ಎಷ್ಟು ಕಷ್ಟ ಎಂಬುದು ಅವರಿಗೇ ಗೊತ್ತು. ಆರೋಗ್ಯಕ್ಕಾಗಿ ಇಳಿಸುವುದಾದರೆ ಡಾಕ್ಟರರ ಹತ್ತಿರ ಕೇಳಿ ನಿಧಾನಕ್ಕೆ ಇಳಿಸಲಿ. ಅಂಗಿಯನ್ನು ಮಾತ್ರ ಈಗಿನ ಅಳತೆಗೇ ಹೊಲಿಸಿ. ದೊಡ್ಡದಾದ ಅಂಗಿಯನ್ನು ಟೈಲರ್ ಅರ್ಧ ಗಂಟೆಯಲ್ಲಿ ಹಿಡಿದು ಕೊಡುತ್ತಾರೆ. ಚಿಕ್ಕದಾದದ್ದನ್ನು ದೊಡ್ಡದು ಮಾಡಲು ಬಟ್ಟೆ ಎಲ್ಲಿಂದ ತರುವುದು?

ಅಳತೆ ಕೊಡುವಾಗ

ಮದುವೆಯ ದಿನ ಹಾಕುವ ಒಳ ಉಡುಪನ್ನೇ ಹಾಕಿಕೊಂಡು ಅಳತೆ ಕೊಡಬೇಕು. ಎದೆ, ಸೊಂಟ, ಸೊಂಟದ ಕೆಳಗಿನ ಸುತ್ತಳತೆಯ ಜೊತೆ ತೋಳಿನ ಮೇಲ್ಭಾಗದ ಸುತ್ತಳತೆಯನ್ನೂ ಬರೆಸಿ. ತೋರದ ಹುಡುಗಿಯರಿಗೆ ಹೆಚ್ಚಾಗಿ ಬಿಗಿಯಾಗುವುದು ಅಲ್ಲಿ, ಮತ್ತೆ ಕಂಕುಳಲ್ಲಿ. ಉದ್ದದ ಅಳತೆಯನ್ನು ಅವತ್ತಿನ ಚಪ್ಪಲಿ ಹಾಕಿಯೇ ತೆಗೆಯಬೇಕು. ನಿಂತಾಗಿನ ಸೊಂಟ ಬೇರೆ, ಕೂತಾಗಿನ ಸೊಂಟ ಬೇರೆ. ಮದುಮಗಳು ಗಂಟೆಗಟ್ಟಲೆ ಕೂರುವವಳು. ಹಾಗಾಗಿ ಕೂತು ಒಮ್ಮೆ ಟೇಪು ಹಿಡಿಸಿ, ದೊಡ್ಡ ಅಳತೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ.

ಎರಡೂ ಬದಿಯ ಹೊಲಿಗೆಯ ಒಳಗೆ ಒಂದೂವರೆ, ಎರಡು ಇಂಚು ಬಟ್ಟೆ ಬಿಡಲು ಹೇಳಿ. ಜರಿ, ಕಲ್ಲಿನ ಕೆಲಸ ಬದಿಯ ಹೊಲಿಗೆಯವರೆಗೆ ಬರಬಾರದು. ಬಂದರೆ ಮತ್ತೆ ಬಿಚ್ಚಲು ಆಗುವುದಿಲ್ಲ.

ಕೆಲವು ಕಡೆ ವರನ ಮನೆಯವರೇ ಮದುವೆಯ ಅಂಗಿ ತರುತ್ತಾರೆ, ಕೆಲವೊಮ್ಮೆ ದುಬೈಯಿಂದಲೇ ಬರುತ್ತದೆ. ಅವರು ಸೈಜ್ ಕೇಳಿದಾಗ ನಾಚಿಕೆಯಿಂದ ಒಂದು ಸೈಜ್ ಕಮ್ಮಿ ಹೇಳುವ ಉಮ್ಮಂದಿರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. "ಎಕ್ಸೆಲ್" ಎಂದರೆ ಒಂದೊಂದು ಕಂಪೆನಿಗೆ ಒಂದೊಂದು ಅಳತೆ. ಇಂಚಿನಲ್ಲಿ ಬರೆದು ಕಳುಹಿಸಿ. ಅಥವಾ ಹೊಲಿಯದ ಬಟ್ಟೆಯನ್ನೇ ತರಲು ಹೇಳಿ, ಇಲ್ಲಿ ಹೊಲಿಸಿಕೊಳ್ಳಬಹುದು. ಬಾಡಿಗೆಗೆ ತರುವುದಾದರೂ ಹಾಕಿ ನೋಡದೆ ಅಡ್ವಾನ್ಸ್ ಕೊಡಬೇಡಿ.

ಯಾವ ಬಟ್ಟೆ, ಯಾವ ಮಾದರಿ?

ನಮ್ಮ ಕರಾವಳಿಯ ಸೆಕೆ ಎಲ್ಲರಿಗೂ ಗೊತ್ತು. ಏಪ್ರಿಲ್, ಮೇ ತಿಂಗಳಲ್ಲಿ ವೆಲ್ವೆಟ್ ಹಾಕಿ ಲೈಟಿನ ಎದುರು ಕೂತರೆ ಯಾವ ಮದುಮಗಳಾದರೂ ಬಸವಳಿದು ಹೋಗುತ್ತಾಳೆ. ಜಾರ್ಜೆಟ್, ಕ್ರೇಪ್, ಸಾಫ್ಟ್ ಸಿಲ್ಕ್ ಮೈಮೇಲೆ ಚೆನ್ನಾಗಿ ಇಳಿದು ಬರುತ್ತವೆ. ಟಿಶ್ಯೂ, ಆರ್ಗಂಜಾ, ಗಟ್ಟಿ ನೆಟ್ಟು ಉಬ್ಬಿ ನಿಂತು ಇದ್ದದ್ದಕ್ಕಿಂತ ದೊಡ್ಡದಾಗಿ ತೋರಿಸುತ್ತವೆ. ತೆಳ್ಳಗಿನ ಹೊಳೆಯುವ ಸ್ಯಾಟಿನ್ ಪ್ರತಿ ಮಡಿಕೆಯನ್ನೂ ಎತ್ತಿ ತೋರಿಸುತ್ತದೆ. ಒಳಗಿನ ಲೈನಿಂಗ್ ಹತ್ತಿಯದ್ದೇ ಇರಲಿ. ಪಾಲಿಯೆಸ್ಟರ್ ಲೈನಿಂಗ್ ಬೆವರು ಹೀರುವುದಿಲ್ಲ.

ಲೆಹೆಂಗಾ ಇಷ್ಟ ಇದ್ದರೆ ಸೊಂಟದಲ್ಲಿ ನೆರಿಗೆ ತುಂಬಿಸಿದ್ದು ಬೇಡ. ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಜೋಡಿಸಿದ್ದು, ಸೊಂಟದಲ್ಲಿ ಚಪ್ಪಟೆಯಾಗಿದ್ದು ಕೆಳಗೆ ಹೋದ ಹಾಗೆ ಅಗಲವಾಗುವಂಥದ್ದು ನೋಡಿ. ಒಳಗೆ ಕ್ಯಾನ್‌ಕ್ಯಾನ್ ಹಾಕುವುದಾದರೆ ಮೊಣಕಾಲಿನಿಂದ ಕೆಳಗೆ ಸಾಕು. ಕಲ್ಲಿನ ಕೆಲಸ ಇರುವ ಲೆಹೆಂಗಾ ಏಳೆಂಟು ಕಿಲೋ ತೂಗುವುದುಂಟು. ಅಷ್ಟು ಭಾರವನ್ನು ಸಪೂರ ಲಾಡಿಯಲ್ಲಿ ಬಿಗಿದರೆ ಸಂಜೆಗೆ ಸೊಂಟದ ಸುತ್ತ ಕೆಂಪು ಗೆರೆ ಬೀಳುತ್ತದೆ. ಎರಡು ಮೂರು ಇಂಚಿನ ಅಗಲ ಪಟ್ಟಿ, ಬದಿಗೆ ಜಿಪ್, ಗಟ್ಟಿ ಹುಕ್ ಇಡಿಸಿ.

ಲೆಹೆಂಗಾದ ಮೇಲೆ ಗಿಡ್ಡ ಚೋಲಿಗಿಂತ ಸೊಂಟ ದಾಟಿ ಇಳಿಯುವ ಉದ್ದ ಟಾಪ್ ಚಂದ. ಎದುರು ತೆರೆದ ಉದ್ದ ಕೋಟಿನಂಥದ್ದು ಇನ್ನೂ ಚಂದ, ನಿಲುವು ಎತ್ತರ ಕಾಣುತ್ತದೆ. ಮೈ ಮುಚ್ಚುವ ಉಡುಪೇ ಬೇಕೆನ್ನುವ ನಮ್ಮ ಮನೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ಎದೆಯ ಕೆಳಗಿಂದಲೇ ಸಡಿಲವಾಗಿ ಇಳಿಯುವ ಗೌನು, ಅನಾರ್ಕಲಿಯೂ ಒಪ್ಪುತ್ತವೆ. ಸೀರೆಯಾದರೆ ಗಟ್ಟಿ ಕಾಂಜೀವರಂಗಿಂತ ಹಗುರದ ರೇಷ್ಮೆ, ಅಗಲ ಅಂಚಿಗಿಂತ ಸಣ್ಣ ಅಂಚು ವಾಸಿ.

ಇನ್ನೊಂದು ಮಾತು. ಅಂಗಡಿಯಲ್ಲಿ ನಾವು ಕುತ್ತಿಗೆಯ ಕೆಲಸ ನೋಡಿ ಮರುಳಾಗುತ್ತೇವೆ. ಹಿಜಾಬ್ ಹಾಕಿದ ಮೇಲೆ ಅದು ಯಾರಿಗೂ ಕಾಣುವುದಿಲ್ಲ, ಒಳಗೆ ಚುಚ್ಚುವುದು ಮಾತ್ರ. ಅದೇ ದುಡ್ಡಿಗೆ ಕೈಯ ತುದಿಗೆ, ದುಪಟ್ಟಾದ ಅಂಚಿಗೆ, ಎದುರು ಮೇಲಿಂದ ಕೆಳಗೆ ಉದ್ದಕ್ಕೆ ಕೆಲಸ ಮಾಡಿಸಿ. ದುಪಟ್ಟಾವನ್ನು ಎರಡೂ ಭುಜಕ್ಕೆ ಹರಡಿ ಪಿನ್ ಮಾಡಿದರೆ ಭುಜ ಅಗಲ ಕಾಣುತ್ತದೆ. ಒಂದು ಬದಿಗೆ ಪಿನ್ ಮಾಡಿ, ಇನ್ನೊಂದು ಬದಿಯನ್ನು ಕೈ ಮೇಲೆ ಇಳಿಬಿಡಿ.

ಬಣ್ಣದ ವಿಷಯದಲ್ಲಿ "ತೋರದವರಿಗೆ ಕಡು ಬಣ್ಣವೇ ಆಗಬೇಕು" ಎಂಬ ಮಾತಿದೆ. ಮದುಮಗಳಿಗೆ ಅಂಥ ಕಟ್ಟು ಯಾಕೆ? ಬಾಗಿಲ ಹತ್ತಿರ ಹಗಲು ಬೆಳಕಿನಲ್ಲಿ ದುಪಟ್ಟಾ ಮುಖಕ್ಕೆ ಹಿಡಿದು ನೋಡಿ. ಯಾವುದಕ್ಕೆ ಮುಖ ಬೆಳಗುತ್ತದೋ ಅದೇ ಬಣ್ಣ. ತಿಳಿ ಗುಲಾಬಿಯಾದರೂ ಸರಿ.

ನಮಾಝಿಗೂ ಆಗಬೇಕು, ಊಟಕ್ಕೂ ಆಗಬೇಕು

ಮದುವೆಯ ದಿನ ಝುಹರ್, ಅಸರ್ ತಪ್ಪಬಾರದಲ್ಲ. ತೋಳು ಬಿಗಿಯಾಗಿದ್ದರೆ ವುಝೂ ಮಾಡುವಾಗ ಮೊಣಕೈ ದಾಟಿ ಏರುವುದಿಲ್ಲ. ಕೈಯ ತುದಿಯಿಂದ ಮೊಣಕೈ ಮೇಲಿನವರೆಗೆ ಸಣ್ಣ ಜಿಪ್ ಇಡಿಸಿದರೆ ಆ ಕಷ್ಟ ಇಲ್ಲ. ಹೊಟ್ಟೆ ಬಿಗಿಯುವ ಒಳ ಉಡುಪು ಈಗ ಎಲ್ಲ ಕಡೆ ಸಿಗುತ್ತದೆ. ನಮ್ಮ ಸೆಕೆಯಲ್ಲಿ ಅದನ್ನು ಇಡೀ ದಿನ ಹಾಕಿದರೆ ಉಸಿರು ಕಟ್ಟುತ್ತದೆ, ಸುಜೂದಿಗೆ ಬಾಗುವುದೂ ಕಷ್ಟ. ಹಾಕಲೇಬೇಕೆಂದರೆ ಬಿಗಿ ಇಲ್ಲದ್ದು ನೋಡಿ.

ಯಾರೂ ಬಾಯಿ ಬಿಟ್ಟು ಹೇಳದ ಇನ್ನೊಂದು ಕಷ್ಟ ಇದೆ. ಭಾರದ ಲೆಹೆಂಗಾದಲ್ಲಿ ನಡೆದು ನಡೆದು ತೊಡೆ ಉಜ್ಜಿ ಕೆಂಪಾಗಿ ಉರಿಯುತ್ತದೆ. ಒಳಗೆ ಮೊಣಕಾಲುದ್ದದ ಹತ್ತಿ ಲೆಗ್ಗಿಂಗ್ಸ್ ಹಾಕಿದರೆ ಅದರ ಕಿರಿಕಿರಿ ಇಲ್ಲ.

ಟ್ರಯಲಿಗೆ ಹೋದಾಗ ಕನ್ನಡಿ ಎದುರು ನಿಂತು ಬಂದರೆ ಸಾಲದು. ಕೂತು ನೋಡಿ, ಕೈ ಎತ್ತಿ ನೋಡಿ, ಬಾಗಿ ನೋಡಿ, ನಾಲ್ಕು ಮೆಟ್ಟಿಲು ಹತ್ತಿ ನೋಡಿ. ಕೊನೆಯ ಟ್ರಯಲ್ ಮದುವೆಗೆ ಒಂದು ವಾರ ಮೊದಲೇ ಮುಗಿಯಲಿ. ರಂಝಾನ್ ಕೊನೆಯ ಹತ್ತರಲ್ಲಿ ಟೈಲರುಗಳಿಗೆ ತಲೆ ಎತ್ತಲು ಪುರುಸೊತ್ತಿರುವುದಿಲ್ಲ, ಅದನ್ನೂ ಲೆಕ್ಕ ಹಿಡಿಯಿರಿ. ಅಂಗಡಿಗೆ ಐದಾರು ಮಂದಿ ಬೇಡ. ಮದುಮಗಳು, ಉಮ್ಮ, ಅವಳಿಗೆ ಹತ್ತಿರದ ಒಬ್ಬಳು ಸಾಕು. ಜನ ಹೆಚ್ಚಾದ ಹಾಗೆ ಮಾತು ಹೆಚ್ಚು, ಆ ಮಾತೆಲ್ಲ ಬಂದು ಬೀಳುವುದು ಆ ಹುಡುಗಿಯ ಮೈಮೇಲೆ.

ಮೊದಲು ಹೇಳಿದ ಆ ಹುಡುಗಿಯ ತಂಗಿಯ ನಿಕಾಹ್ ಈಗ ಹತ್ತಿರ ಬಂದಿದೆ. ಅವಳೂ ಅಕ್ಕನ ಹಾಗೆಯೇ ತೋರ. ಕಳೆದ ವಾರ ಮನೆಗೆ ಹೋದಾಗ ಅಕ್ಕನೇ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದಳು. ಮಾಮಿ ಅಭ್ಯಾಸ ಬಲದಿಂದ, "ಇನ್ನೂ ಮೂರು ತಿಂಗಳು ಉಂಟಲ್ಲ..." ಎಂದು ಶುರು ಮಾಡಿದರು. ಅಕ್ಕ ತಲೆ ಎತ್ತದೆ, "ಮಾಮಿ, ನಲ್ವತ್ತನಾಲ್ಕು ಅಂತ ಬರೀರಿ" ಎಂದಳು. ಮಾಮಿ ಬರೆದರು.