ಬೆಂಕಿಯಲ್ಲಿ ಬೇಯದ ಪ್ರಾಣಿ!

ಮಲೆನಾಡಿನ ನಮ್ಮ ಮನೆಯಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕುವುದು ಚಿಕ್ಕಂದಿನಲ್ಲಿ ನನ್ನ ಕೆಲಸ. ಮಳೆಗಾಲದಲ್ಲಿ ಪ್ರತಿ ಸೌದೆಯನ್ನೂ ನೆಲಕ್ಕೆ ಎರಡು ಸಲ ಕುಟ್ಟಿಯೇ ಒಲೆಗೆ ಇಡಬೇಕಿತ್ತು. ಮರೆತರೆ ಅಜ್ಜಿ ಗದರುತ್ತಿದ್ದರು: “ಒಳಗೆ ಯಾವ ಜೀವ ಬೆಚ್ಚಗೆ ಮಲಗಿದೆಯೋ! ಎಬ್ಬಿಸದೆ ಸುಡಬಾರದು ಮಗಾ.” ಕುಟ್ಟಿದಾಗ ಇರುವೆ, ಜಿರಲೆ, ಒಮ್ಮೊಮ್ಮೆ ಚೇಳೂ ಹೊರಬರುತ್ತಿತ್ತು.

ಯುರೋಪಿನ ಎರಡು ಸಾವಿರ ವರ್ಷ ಹಳೆಯ ಒಗಟೊಂದಕ್ಕೆ ಉತ್ತರ ಅಜ್ಜಿಯ ಆ ಮಾತಿನಲ್ಲೇ ಇತ್ತು. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ, ಸಾಲಮಾಂಡರ್ ಬಗ್ಗೆ ಓದಿದಾಗ.

ಸಾಲಮಾಂಡರ್ ನೋಡಲು ಹಲ್ಲಿಯಂತೆ. ಆದರೆ ಅದು ಹಲ್ಲಿಗಲ್ಲ, ಕಪ್ಪೆಗೆ ನೆಂಟ. ಚರ್ಮ ಸದಾ ಒದ್ದೆ. ನಮ್ಮ ಕರ್ನಾಟಕದಲ್ಲಿ ಇದು ಇಲ್ಲ. ಭಾರತದಲ್ಲಿ ಇದರ ಬಳಗವನ್ನು ನೋಡಬೇಕೆಂದರೆ ಡಾರ್ಜಿಲಿಂಗ್ ಮತ್ತು ಈಶಾನ್ಯದ ಬೆಟ್ಟಗಳಿಗೆ ಹೋಗಬೇಕು. ಯುರೋಪಿನ ಕಾಡುಗಳಲ್ಲಿರುವ ಒಂದು ಜಾತಿಗೆ ಕಪ್ಪು ಮೈಮೇಲೆ ಹಳದಿ ಮಚ್ಚೆ. ಅದರ ಹೆಸರೇ ‘ಬೆಂಕಿ ಸಾಲಮಾಂಡರ್’.

ಈ ಪ್ರಾಣಿಯನ್ನು ಬೆಂಕಿ ಸುಡುವುದಿಲ್ಲ, ಅದರ ಮೈ ಎಷ್ಟು ತಣ್ಣಗೆಂದರೆ ಬೆಂಕಿಯೇ ಆರಿಹೋಗುತ್ತದೆ ಎಂದು ಜನ ನಂಬಿದ್ದರು. ರೋಮಿನ ಪ್ಲಿನಿ ತನ್ನ ಗ್ರಂಥದಲ್ಲಿ ಈ ಮಾತು ಬರೆದ. ಆದರೆ ಇದು ನಿಜವಾಗಿದ್ದರೆ ರೋಮಿನವರು ಎಂದೋ ಪರೀಕ್ಷಿಸಿ ನೋಡುತ್ತಿದ್ದರಲ್ಲವೇ ಎಂದು ಅವನೇ ಅನುಮಾನವನ್ನೂ ಪಟ್ಟ. ಜನ ಅನುಮಾನವನ್ನು ಮರೆತು ಕಥೆಯನ್ನು ಮಾತ್ರ ಉಳಿಸಿಕೊಂಡರು! ಬೆಂಕಿಯಲ್ಲಿ ಸುಡದ ಕಲ್ನಾರಿನ ಬಟ್ಟೆಯನ್ನು ಸಾಲಮಾಂಡರ್ ಉಣ್ಣೆಯದೆಂದು ಹೇಳಿದರು. ಅದು ಪ್ರಾಣಿಯ ಉಣ್ಣೆಯಲ್ಲ, ಬೆಟ್ಟದಿಂದ ಅಗೆದು ತೆಗೆಯುವ ಖನಿಜ ಎಂದು ಮಾರ್ಕೊ ಪೋಲೋ ಬರೆದರೂ ನಂಬಿಕೆ ಅಳಿಯಲಿಲ್ಲ.

ಈ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಇಟಲಿಯ ಶಿಲ್ಪಿ ಚೆಲ್ಲಿನಿಯದು. ಅವನು ಹುಟ್ಟಿದ್ದು 1500ರಲ್ಲಿ, ಫ್ಲಾರೆನ್ಸ್ ನಗರದಲ್ಲಿ. ಐದು ವರ್ಷದವನಿದ್ದಾಗ ಒಂದು ಚಳಿಯ ದಿನ ಅಪ್ಪ ಬೆಂಕಿಯ ಪಕ್ಕ ಕೂತು ವಾದ್ಯ ನುಡಿಸುತ್ತಿದ್ದರಂತೆ. ಕೆಂಡಗಳ ನಡುವೆ ಹಲ್ಲಿಯಂಥ ಪ್ರಾಣಿಯೊಂದು ಓಡಾಡುವುದು ಕಂಡಿತು. ಅಪ್ಪ ಮಗನನ್ನು ಕರೆದು ತೋರಿಸಿ, ಕಪಾಳಕ್ಕೆ ಫಟಾರನೆ ಒಂದು ಬಿಟ್ಟರು! ಹುಡುಗ ಅಳತೊಡಗಿದ. ತಪ್ಪು ಮಾಡಿದ್ದಕ್ಕಲ್ಲ, ಸಾಲಮಾಂಡರ್ ನೋಡಿದ್ದು ಜೀವನಪೂರ್ತಿ ನೆನಪಿರಲಿ ಎಂದು ಹೊಡೆದೆ ಎಂದು ಸಮಾಧಾನ ಮಾಡಿ, ಮುತ್ತಿಟ್ಟು ಕಾಸು ಕೊಟ್ಟರು. ಚೆಲ್ಲಿನಿ ಇದನ್ನು ತನ್ನ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾನೆ. ಪೆಟ್ಟು ನೆನಪಿತ್ತು ಅನ್ನಿ! ಮುಂದೆ ಅವನು ಫ್ರಾನ್ಸಿನ ದೊರೆ ಒಂದನೇ ಫ್ರಾನ್ಸಿಸ್‌ನ ಬಳಿ ಕೆಲಸ ಮಾಡಿದ. ಆ ದೊರೆಯ ಲಾಂಛನವೂ ಜ್ವಾಲೆಯ ನಡುವಿನ ಸಾಲಮಾಂಡರ್! ಶಾಂಬೋರ್ ಅರಮನೆಯ ಛಾವಣಿಗಳಲ್ಲಿ ಅದರ ಕೆತ್ತನೆಗಳನ್ನು ಇಂದಿಗೂ ನೋಡಬಹುದು.

ಹಾಗಾದರೆ ಬೆಂಕಿಯಲ್ಲಿ ಅದು ಕಂಡದ್ದು ಹೇಗೆ? ಇಲ್ಲಿಯೇ ನನಗೆ ಅಜ್ಜಿ ನೆನಪಾದದ್ದು. ಚಳಿಗಾಲದಲ್ಲಿ ಸಾಲಮಾಂಡರ್‌ಗಳು ಟೊಳ್ಳು ಮರದಲ್ಲಿ, ಬಿದ್ದ ದಿಮ್ಮಿಗಳಡಿಯಲ್ಲಿ ಅಡಗಿ ಮಲಗುತ್ತವೆ. ಆ ಮರವನ್ನು ತಂದು ಒಲೆಗೆ ಹಾಕಿದರೆ ಬಿಸಿ ತಾಗಿ ಪಾಪದ ಪ್ರಾಣಿ ಹೊರಗೆ ಓಡಿಬರುತ್ತದೆ. ನೋಡಿದವರಿಗೆ ಅದು ಬೆಂಕಿಯಲ್ಲೇ ಹುಟ್ಟಿಬಂದಂತೆ ಕಾಣುತ್ತದೆ. ಜೀವ ಉಳಿಸಿಕೊಳ್ಳಲು ಅದು ಓಡುತ್ತಿದ್ದರೆ, ಜನ ಆಟವಾಡುತ್ತಿದೆ ಅಂದುಕೊಂಡರು! ಬೆಂಕಿ ಅದನ್ನೂ ಸುಡುತ್ತದೆ, ನಮ್ಮನ್ನು ಸುಡುವ ಹಾಗೆಯೇ.

ಬೆಂಕಿಯನ್ನೇ ಗೆಲ್ಲುತ್ತದೆಂದು ನಂಬಿದ್ದ ಈ ಪ್ರಾಣಿಯನ್ನು ಇಂದು ಕೊಲ್ಲುತ್ತಿರುವುದು ಕಣ್ಣಿಗೆ ಕಾಣದ ಒಂದು ಶಿಲೀಂಧ್ರ. ನೆದರ್ಲೆಂಡ್ಸ್‌ನಲ್ಲಿ ಅದು ಬೆಂಕಿ ಸಾಲಮಾಂಡರ್‌ಗಳನ್ನು ಹೆಚ್ಚುಕಡಿಮೆ ಅಳಿಸಿಯೇ ಹಾಕಿದೆ. 2013ರಲ್ಲಿ ವಿಜ್ಞಾನಿಗಳು ಅದನ್ನು ಗುರುತಿಸಿ, ‘ಸಾಲಮಾಂಡರ್ ತಿನ್ನುವುದು’ ಎಂಬ ಅರ್ಥದ ಹೆಸರಿಟ್ಟರು. ಮನೆಯಲ್ಲಿ ಸಾಕಲು ಏಷ್ಯಾದಿಂದ ತರಿಸಿದ ಪ್ರಾಣಿಗಳ ಜೊತೆ ಅದು ಯುರೋಪಿಗೆ ಬಂದಿರಬೇಕು ಎನ್ನುತ್ತಾರೆ. ಹಾಗಾಗಿ 2016ರಲ್ಲಿ ಅಮೆರಿಕ ಹಲವು ಜಾತಿಯ ಸಾಲಮಾಂಡರ್‌ಗಳ ಆಮದನ್ನೇ ನಿಲ್ಲಿಸಿತು.

ನಮ್ಮ ಮನೆಯಲ್ಲೀಗ ಗ್ಯಾಸ್ ಗೀಸರ್ ಇದೆ. ಊರಿಗೆ ಹೋದಾಗ ಮಾತ್ರ ಮಗಳು ಬಚ್ಚಲ ಒಲೆಯ ಮುಂದೆ ಕೂರುತ್ತಾಳೆ. ಕಳೆದ ಮಳೆಗಾಲದಲ್ಲಿ ಈ ಕಥೆಯನ್ನೆಲ್ಲ ಅವಳಿಗೆ ಹೇಳಿದೆ. ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದವಳು, ಕೈಯಲ್ಲಿದ್ದ ಸೌದೆಯನ್ನು ನೆಲಕ್ಕೆ ಕುಟ್ಟಿದಳು. ಎರಡು ಸಲವಲ್ಲ, ನಾಲ್ಕು ಸಲ.