ವಿಳಾಸವೇ ಅಪರಾಧವಾದಾಗ

ಹರಪನಹಳ್ಳಿಯ ವಿಳಾಸದ ಕಥೆ ಸರ್ಕಾರಿ ಸೇವೆಯಲ್ಲಿದ್ದ ನಮ್ಮ ಪೀಳಿಗೆಗೆ ಚೆನ್ನಾಗಿ ಗೊತ್ತು. 1997ರಲ್ಲಿ ಆ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು. ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿಗಳೊಂದಿಗೆ ವಿಜಯನಗರ ಜಿಲ್ಲೆಗೆ ಸೇರಿತು. ಪಿನ್‌ಕೋಡ್ ಮಾತ್ರ 583131 ಆಗಿಯೇ ಉಳಿಯಿತು. ಆ ಸಂಖ್ಯೆಯನ್ನಷ್ಟೇ ನೋಡಿ ‘ನಮ್ಮ ಜಿಲ್ಲೆಯದಲ್ಲ’ ಎಂದು ಷರಾ ಬರೆದು ಅರ್ಜಿ ಹಿಂದಿರುಗಿಸಿದ್ದುಂಟು. ಅಂಥ ಒಂದೆರಡು ಷರಾಗಳಿಗೆ ನಾನೇ ಸಹಿ ಹಾಕಿದ್ದೇನೆ.

ಆ ಋಣ ನಿವೃತ್ತಿಯ ನಂತರ ತಿರುಗಿ ಬಂತು. ಕೊಟ್ಟೂರಿನಲ್ಲಿ ನಮ್ಮ ನೆರೆಯ ವೃದ್ಧೆಯೊಬ್ಬರ ಕುಟುಂಬ ಪಿಂಚಣಿಗೆ ಕಚೇರಿಯೊಂದು ಕೇಳಿದ್ದ ದಾಖಲೆಗಳನ್ನು ನನ್ನ ಇ-ಮೇಲ್ ಮೂಲಕ ಕಳುಹಿಸಿದೆ. ಮೂರು ವಾರ ಉತ್ತರವಿಲ್ಲ. ಆಕೆ ಸಂಜೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು, ಏನೂ ಕೇಳುತ್ತಿರಲಿಲ್ಲ. ಕೊನೆಗೆ ದೂರವಾಣಿ ಮಾಡಿದರೆ, ಪತ್ರ ಅವರ ಸ್ಪ್ಯಾಮ್ ಪೆಟ್ಟಿಗೆಯಲ್ಲಿ ಬಿದ್ದಿತ್ತು.

ಅಲ್ಲಿನ ತಂತ್ರಜ್ಞ ಯುವಕ ಸಹನೆಯುಳ್ಳವನು. ಪತ್ರದ ಪೂರ್ಣ ತಲೆಬರಹ ತೆಗೆದು ವಿವರಿಸಿದ. ದಾರಿಯ ಪ್ರತಿಯೊಂದು ಸರ್ವರ್ ತನ್ನ ಮುದ್ರೆಯನ್ನು ಮೇಲ್ಗಡೆ ಒತ್ತುತ್ತ ಹೋಗುತ್ತದೆ. ಆದ್ದರಿಂದ ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನನ್ನ ಸೇವೆಯ ಪದ್ಧತಿಯಂತೆ ತೀರ ಕೆಳಗಿನ ಸಾಲಿನಲ್ಲಿ ನನ್ನ ಮನೆಯ ಐಪಿ ವಿಳಾಸವಿತ್ತು. ಜರಡಿ ತನ್ನದೇ ಸರ್ವರ್‌ಗಳನ್ನು ಬಿಟ್ಟು, ಪತ್ರವನ್ನು ಒಪ್ಪಿಸಿದ ಮೊದಲ ಹೊರಗಿನ ಸರ್ವರನ್ನು ಪರೀಕ್ಷಿಸಬೇಕು. ಯಾರೋ ನನ್ನ ಸೇವೆಯ ಸರ್ವರನ್ನೂ ‘ನಮ್ಮದು’ ಎಂಬ ಪಟ್ಟಿಗೆ ಸೇರಿಸಿದ್ದರು. ಜರಡಿ ಅದನ್ನೂ ದಾಟಿ, ನನ್ನ ಮನೆಯನ್ನೇ ಕಳುಹಿಸಿದ ಸರ್ವರ್ ಎಂದು ಭಾವಿಸಿತು.

1998ರಲ್ಲಿ ಹುಟ್ಟಿದ ಸ್ಪ್ಯಾಮ್‌ಹಾಸ್ ಸಂಸ್ಥೆಯ ಪಟ್ಟಿಗಳಲ್ಲೊಂದು ಮನೆಬಳಕೆಯ ಐಪಿ ವಿಳಾಸಗಳದು. ಅದು ದೋಷಾರೋಪಪಟ್ಟಿಯಲ್ಲ, ಇಲ್ಲಿಂದ ನೇರವಾಗಿ ಪತ್ರ ಬರಬಾರದು ಎಂಬುದಷ್ಟೇ ಅದರ ಅರ್ಥ. ನನ್ನ ಪತ್ರ ನೇರವಾಗಿ ಹೋಗಿರಲೂ ಇಲ್ಲ. ನಿಜವಾದ ಕಪ್ಪುಪಟ್ಟಿಗಳದು ಬೇರೆ ತೊಡಕು. ಹಳೆಯ ಮಾದರಿಯ ಐಪಿ ವಿಳಾಸಗಳು ಒಟ್ಟು ಸುಮಾರು 430 ಕೋಟಿ ಮಾತ್ರವಾದ್ದರಿಂದ ಮೊಬೈಲ್ ಜಾಲಗಳಲ್ಲಿ ಒಂದನ್ನೇ ಅನೇಕರು ಹಂಚಿಕೊಳ್ಳುತ್ತಾರೆ. ಒಬ್ಬನ ಕಿಡಿಗೇಡಿತನಕ್ಕೆ ಉಳಿದವರೂ ದಂಡ ತೆರಬೇಕು. ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿದ್ದಾಗ, 1947ರಲ್ಲಿ ಅಲ್ಲಿ ರದ್ದಾಗುವವರೆಗೂ, ಅಪರಾಧಿ ಬುಡಕಟ್ಟು ಕಾಯ್ದೆ ಮನುಷ್ಯರನ್ನು ಹುಟ್ಟಿದ ಕುಲದಿಂದಲೇ ಅಳೆಯುತ್ತಿತ್ತು. ಹೋಲಿಕೆ ಅತಿಯಾಯಿತೆನಿಸಬಹುದು, ಆದರೆ ತರ್ಕ ಅದೇ.

ಜರಡಿಯೇ ಬೇಡವೆನ್ನುವ ಮೂರ್ಖ ನಾನಲ್ಲ. ಅದಿಲ್ಲದಿದ್ದರೆ ಲಾಟರಿ ಗೆದ್ದ ಸುದ್ದಿಗಳಲ್ಲೇ ಕಚೇರಿಗಳು ಮುಳುಗಿಹೋಗುತ್ತವೆ. ಆದರೆ ಜರಡಿ ತಡೆದದ್ದನ್ನು ದಿನಕ್ಕೊಮ್ಮೆ ಮನುಷ್ಯನೊಬ್ಬ ನೋಡಿ, ಅರ್ಜಿಯೆನಿಸಿದ್ದನ್ನು ಟಪಾಲು ವಹಿಯಲ್ಲಿ ದಾಖಲಿಸಬೇಕು. ಲಕೋಟೆ ಹಿಂದಿರುಗಿಸಿದಾಗ ನಾವು ಕಡೆಗೆ ಷರಾವನ್ನಾದರೂ ಬರೆಯುತ್ತಿದ್ದೆವು. ಸ್ಪ್ಯಾಮ್ ಪೆಟ್ಟಿಗೆ ಮಾತೇ ಆಡುವುದಿಲ್ಲ.

ಯುವಕ ಪಟ್ಟಿಯನ್ನು ಸರಿಪಡಿಸಿದ, ಕಡತವೂ ಚಲಿಸಿತು. ಆದರೂ ಆಕೆ ದಾಖಲೆಗಳ ಪ್ರತಿಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿಯೇ ಸಿದ್ಧವೆಂದರು. ಲಕೋಟೆಯ ಮೇಲೆ ಕೊಟ್ಟೂರಿನ 583134ನ್ನು ತಾವೇ ದಪ್ಪಕ್ಷರದಲ್ಲಿ ಬರೆದರು.