ಚೌಕಾಸಿ ಮುಗಿದದ್ದು ಎಲ್ಲಿ?

1997ರ ಮಾರ್ಚ್ 25ರಂದು ಜೆಕ್ ಪ್ರೋಗ್ರಾಮರ್ ಪಾವೆಲ್ ಮಾಖೆಕ್ ಲಿನಕ್ಸ್‌ಗಾಗಿ ಒಂದು ಚಿಕ್ಕ ಡ್ರೈವರ್ ಕಂಪೈಲ್ ಮಾಡಿದರು. ಮೊದಲು ಅದು ಕೆಲಸ ಮಾಡಲಿಲ್ಲ, ಆಮೇಲೆ ಮಾಡಿತು. ಎರಡನ್ನೂ ಅವರು ಕೋಡಿನ ನೆತ್ತಿಯ ಮೇಲೇ ಬರೆದಿಟ್ಟರು, ಪಕ್ಕದಲ್ಲೊಂದು ನಗುಮುಖವನ್ನೂ ಸೇರಿಸಿ. ವಾರ ಕಳೆದು ಏಪ್ರಿಲ್ 1ಕ್ಕೆ ಎಲ್ಲವನ್ನೂ ಹೊಸದಾಗಿ ಬರೆದರು. ದೂರದ ಯಂತ್ರದಲ್ಲಿರುವ ಡಿಸ್ಕನ್ನು ನಮ್ಮದೇ ಯಂತ್ರದ ಡಿಸ್ಕಿನಂತೆ ತೋರಿಸುವುದು ಅದರ ಕೆಲಸ. ಹೆಸರು ನೆಟ್‌ವರ್ಕ್ ಬ್ಲಾಕ್ ಡಿವೈಸ್; ಬಳಸುವವರ ಬಾಯಲ್ಲಿ ಎನ್‌ಬಿಡಿ.

ಆಗ ಮಾತುಕತೆ ಅನ್ನುವುದೇ ಇರಲಿಲ್ಲ. ಕ್ಲೈಂಟ್ ಬಾಗಿಲು ತಟ್ಟಿದ ಕೂಡಲೇ ಸರ್ವರ್ ಪಾಠ ಒಪ್ಪಿಸುತ್ತಿತ್ತು: ‘ಎನ್‌ಬಿಡಿಮ್ಯಾಜಿಕ್’ ಎಂಬ ಎಂಟು ಅಕ್ಷರದ ಗುರುತು, ಒಂದು ಗುಟ್ಟಿನ ಸಂಖ್ಯೆ, ಡಿಸ್ಕಿನ ಅಳತೆ, ಕೆಲವು ಫ್ಲ್ಯಾಗ್, ಕೊನೆಗೆ 124 ಬೈಟ್ ಸೊನ್ನೆ. ಮುಂದೆಂದಾದರೂ ಬೇಕಾದೀತೆಂದು ಕಾದಿರಿಸಿದ ಜಾಗವದು. ಯಾವ ಡಿಸ್ಕ್ ಬೇಕು ಎಂದು ಕೇಳುವ ದಾರಿ ಕ್ಲೈಂಟಿಗೆ ಇರಲಿಲ್ಲ, ಹಾಗಾಗಿ ಒಂದೊಂದು ಡಿಸ್ಕಿಗೂ ಬೇರೆ ಪೋರ್ಟ್.

ಆದರೂ ಒಂದು ಗಡಿ ಆಗಲೇ ಇತ್ತು, ಅದಕ್ಕೆ ಹೆಸರಿರಲಿಲ್ಲ ಅಷ್ಟೆ. ಸರ್ವರಿನ ಮೊದಲ ಮಾತು ಕೇಳಿಸಿಕೊಳ್ಳುತ್ತಿದ್ದದ್ದು ಒಂದು ಸಾಮಾನ್ಯ ಪ್ರೋಗ್ರಾಮ್. ಅದು ಅಳತೆ ತಿಳಿದುಕೊಂಡು, ತೆರೆದ ಸಾಕೆಟ್ಟನ್ನು ಹಾಗೆಯೇ ಕರ್ನೆಲ್ಲಿನ ಕೈಗಿಟ್ಟು ಪಕ್ಕಕ್ಕೆ ಸರಿಯುತ್ತಿತ್ತು. ಮುಂದಿನದೆಲ್ಲ ಕರ್ನೆಲ್ಲಿನದು: ಓದು, ಬರೆ, ಹೊರಟೆ. ಕರ್ನೆಲ್ಲಿಗೆ ಚೌಕಾಸಿ ಬಾರದು, ಬರಲೂ ಬೇಕಿಲ್ಲ. ನನ್ನ ಮಟ್ಟಿಗೆ ಈ ಕತೆಯ ನಿಜವಾದ ಶೋಧ ಇಲ್ಲೇ ಇದೆ. ಮುಂದಿನವರು ಮಾಡಿದ್ದು, ಕೋಡು ಆಗಲೇ ತುಳಿದು ಸವೆಸಿದ್ದ ಕಾಲುದಾರಿಗೆ ಕಲ್ಲು ನೆಟ್ಟದ್ದು.

ಬೆಲ್ಜಿಯಮ್‌ನ ಡೆಬಿಯನ್ ಡೆವಲಪರ್ ವೌಟರ್ ವೆರ್ಹೆಲ್ಸ್ಟ್ ಇದರ ಉಸ್ತುವಾರಿ ಹೊತ್ತುಕೊಂಡ ಮೇಲೆ, 2.9.17ನೇ ಆವೃತ್ತಿಯಲ್ಲಿ ‘ನ್ಯೂಸ್ಟೈಲ್’ ಬಂತು. ಈಗ ಒಂದೇ ಪೋರ್ಟಿನಲ್ಲಿ ಡಿಸ್ಕಿನ ಹೆಸರು ಹೇಳಿ ಕೇಳಬಹುದು. ಆಯ್ಕೆಗಳನ್ನು ಒಪ್ಪಿಸುವ ಈ ಹಂತಕ್ಕೆ ಪ್ರೋಟೋಕಾಲಿನ ದಾಖಲೆ ಕೊಟ್ಟ ಇಂಗ್ಲಿಷ್ ಹೆಸರಿನ ಅರ್ಥ ಅಪ್ಪಟ ಚೌಕಾಸಿಯೇ. ತಮಾಷೆಯೆಂದರೆ, ಈ ಅಂಗಡಿಯವನಿಗೆ ‘ಆಗಲ್ಲ’ ಎನ್ನಲು ಬರುತ್ತಿರಲಿಲ್ಲ. ಗೊತ್ತಿಲ್ಲದ ಆಯ್ಕೆ ಕೇಳಿದರೆ ಸರ್ವರ್ ಸಂಪರ್ಕವನ್ನೇ ಕಡಿಯಬೇಕಿತ್ತು. ‘ಫಿಕ್ಸ್ಡ್ ನ್ಯೂಸ್ಟೈಲ್’ ಆ ತಪ್ಪನ್ನು ತಿದ್ದಿ, ಪ್ರತಿ ಆಯ್ಕೆಗೂ ಉತ್ತರ ಕೊಡುವಂತೆ ಮಾಡಿತು.

ಡಿಸ್ಕಿನ ಹೆಸರು ಹೇಳುವ ಹಳೆಯ ಆಯ್ಕೆ ಮಾತ್ರ ಹಾಗೇ ಉಳಿಯಿತು. ಹೆಸರು ಸರಿಯಿದ್ದರೆ ಚೌಕಾಸಿ ಮುಗಿದು ನೇರ ಓದು-ಬರೆಯ ಹಂತಕ್ಕೆ, ತಪ್ಪಿದ್ದರೆ ಸಂಪರ್ಕ ಕಟ್. ತಂತಿ ಕಡಿದದ್ದೋ, ಹೆಸರು ತಪ್ಪಿದ್ದೋ, ಕ್ಲೈಂಟ್ ಊಹಿಸಬೇಕು. ಅಷ್ಟರಲ್ಲಿ ವರ್ಚುವಲ್ ಯಂತ್ರ ನಡೆಸುವ ಕ್ಯೂಇಎಮ್‌ಯು ಮುಂತಾದ ತಂತ್ರಾಂಶಗಳು ತಮ್ಮದೇ ಎನ್‌ಬಿಡಿ ಬರೆದುಕೊಂಡಿದ್ದವು. ದಾಖಲೆಯಲ್ಲಿ ಒಂದು ವಾಕ್ಯ ಮಸುಕಾಗಿದ್ದರೂ ಎರಡು ಕಡೆಯವರು ಎರಡು ಅರ್ಥ ಮಾಡಿಕೊಳ್ಳುವ ಅಪಾಯ. 2016ರ ಹೊತ್ತಿಗೆ ಡೆವಲಪರ್‌ಗಳಾದ ಎರಿಕ್ ಬ್ಲೇಕ್, ಅಲೆಕ್ಸ್ ಬ್ಲೈ ಮೊದಲಾದವರು ವೆರ್ಹೆಲ್ಸ್ಟ್ ಜತೆಗೂಡಿ ದಾಖಲೆಯನ್ನು ಸಾಲುಸಾಲಾಗಿ ತಿದ್ದಿದರು. ಗಡಿಯ ಈಚೆ ಕೈಕುಲುಕುವ ಹಂತ, ಆಚೆ ಸಾಗಣೆಯ ಹಂತ. ಮೊದಲನೆಯದರಲ್ಲಿ ಎದ್ದು ಹೋಗುವ ರೀತಿ ಬೇರೆ, ಎರಡನೆಯದರಲ್ಲಿ ಬೇರೆ. ‘ಗೋ’ ಎಂಬ ಹೊಸ ಆಯ್ಕೆಯೂ ಬಂತು: ಸರ್ವರ್ ಒಪ್ಪಿದರೆ ಮಾತ್ರ ಗಡಿ ದಾಟುವುದು, ಒಪ್ಪದಿದ್ದರೆ ಚೌಕಾಸಿ ಮುಂದುವರಿಕೆ.

ಈ ಪದಜಿಜ್ಞಾಸೆ ಯಾರಿಗೆ ಬೇಕು ಅನ್ನಿಸಬಹುದು. 2021ರಲ್ಲಿ ಎನ್‌ಬಿಡಿಕಿಟ್ ಎಂಬ ಸರ್ವರಿನಲ್ಲಿ ಒಂದು ಬಿರುಕು ಸಿಕ್ಕಿತು. ಚೌಕಾಸಿಯ ನಡುವೆ ಟಿಎಲ್‌ಎಸ್ ಗೂಢಲಿಪಿ ಶುರುವಾಗುತ್ತದೆ. ಅದಕ್ಕೆ ಸ್ವಲ್ಪ ಮೊದಲು, ಮಾತು ಇನ್ನೂ ಬಯಲಲ್ಲಿರುವಾಗ, ನಡುವೆ ಕುಳಿತ ಕಿಡಿಗೇಡಿ ಕ್ಲೈಂಟಿನ ಹೆಸರಲ್ಲಿ ಒಂದು ಆಯ್ಕೆಯನ್ನು ತೂರಿಸಬಹುದಿತ್ತು. ಬಾಗಿಲು ಹಾಕಿಕೊಂಡ ಮೇಲೂ ಸರ್ವರ್ ಅದನ್ನು ನೆನಪಿಟ್ಟುಕೊಂಡು, ಕ್ಲೈಂಟ್ ಕೇಳದೇ ಇದ್ದ ರೂಪದಲ್ಲಿ ಉತ್ತರಿಸುತ್ತಿತ್ತು. ಕ್ಲೈಂಟ್ ಗಾಬರಿಬಿದ್ದು ಸಂಪರ್ಕ ಬಿಟ್ಟುಬಿಡುತ್ತಿತ್ತು.

ಪರಿಹಾರ ಚಿಕ್ಕದು: ಟಿಎಲ್‌ಎಸ್ ಶುರುವಾದ ಕ್ಷಣ, ಅಲ್ಲಿಯವರೆಗೆ ಕುದುರಿಸಿದ್ದೆಲ್ಲವನ್ನೂ ಸರ್ವರ್ ಮರೆಯಬೇಕು. ಕ್ಲೈಂಟಿಗೆ ಬೇಕಿದ್ದರೆ ಮೊದಲಿನಿಂದ ಮತ್ತೆ ಕೇಳಲಿ.